ಕಾರ್ಬುರೇಟರ್ ‘ಹೋಗಿದೆ’ಯಂತೆ!

ಮಳೆಗಾಲವಿಡೀ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿದ್ದ ಚಿಕ್ಕಪ್ಪನ ನೂರು ಸಿಸಿ ಬೈಕು ದೀಪಾವಳಿಗೆ ಹೊರಬಂತು. ಇಪ್ಪತ್ತು ಕಿಕ್ ಹೊಡೆದರೂ ಉಸಿರಿಲ್ಲ. ಚೋಕ್ ಎಳೆದರೆ ಸ್ಟಾರ್ಟ್ ಆಗುತ್ತದೆ, ಬಿಟ್ಟ ಕೂಡಲೇ ಆಫ್. ಪೇಟೆಯ ಗ್ಯಾರೇಜಿನವರು ಐಡ್ಲಿಂಗ್ (ಆಕ್ಸಿಲರೇಟರ್ ತಿರುಗಿಸದಾಗ ಎಂಜಿನ್ ಓಡುವ ವೇಗ) ಸ್ಕ್ರೂ ಏರಿಸಿ ಕಳಿಸಿದರು. ಮರುದಿನ ಅದೇ ಕಥೆ. “ಕಾರ್ಬುರೇಟರ್ ಹೋಗಿದೆಯಂತೆ ಮಾರಾಯ, ಹೊಸದೇ ಹಾಕಬೇಕಂತೆ” ಎಂದರು ಚಿಕ್ಕಪ್ಪ.

ಈ ‘ಹೋಗಿದೆ’ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಸವೆಯುವುದು ನಿಧಾನಕ್ಕೆ, ವರ್ಷಗಟ್ಟಲೆ ಓಡಿದ ಮೇಲೆ. ನಿಂತಲ್ಲೇ ನಿಂತ ಬೈಕಿನಲ್ಲಿ ಅದು ಕಟ್ಟಿಕೊಂಡಿರುತ್ತದೆ, ಅಷ್ಟೆ.

ಅದಕ್ಕೆ ಕೈ ಹಚ್ಚುವ ಮುನ್ನ ಚೋಕ್ ಇಲ್ಲದೆ ನಾಲ್ಕು ಕಿಕ್ ಹೊಡೆದು ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ತುದಿ ಒಣಗಿತ್ತು, ಅಂದರೆ ಪೆಟ್ರೋಲ್ ಅಲ್ಲಿಗೆ ತಲುಪಿಲ್ಲ. ಒದ್ದೆಯಾಗಿದ್ದರೆ ಮೊದಲು ಕರೆಂಟನ್ನು ಅನುಮಾನಿಸುತ್ತಿದ್ದೆ. ಆದರೂ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ನಿಗೆ ತಾಗಿಸಿ ಕಿಕ್ ಹೊಡೆದು ನೋಡಿದೆ. ನೀಲಿ ಕಿಡಿ ಚಟಚಟ ಹಾರಿತು. (ಹತ್ತಿರದಲ್ಲಿ ಪೆಟ್ರೋಲ್ ಇಟ್ಟುಕೊಂಡು ಇದನ್ನು ಮಾಡಬೇಡಿ. ನನ್ನ ಹುಬ್ಬು ಒಮ್ಮೆ ಸುಟ್ಟಿದೆ.) ಕಾರ್ಬುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನ ಡ್ರೈನ್ ಸ್ಕ್ರೂ ಸಡಿಲಿಸಿದರೆ ಬಾಟಲಿಗೆ ಪೆಟ್ರೋಲ್ ಇಳಿಯಿತು, ಜೊತೆಗೆ ನಾಲ್ಕು ನೀರಿನ ಮಣಿಗಳು. ಅಂದರೆ ಬಟ್ಟಲಿನವರೆಗೆ ಬಂದದ್ದು ಎಂಜಿನ್ನಿಗೆ ಹೋಗುತ್ತಿಲ್ಲ.

ಚೋಕ್ ಗಾಳಿಯನ್ನು ತಡೆದು ಪೆಟ್ರೋಲನ್ನು ಹೆಚ್ಚು ಎಳೆಯುವಂತೆ ಮಾಡುತ್ತದೆ. ಅದಿದ್ದಾಗ ಮಾತ್ರ ಓಡುವ ಎಂಜಿನ್ನಿಗೆ ಹಸಿವು. ಐಡ್ಲಿಂಗಿಗೆ ಪೆಟ್ರೋಲ್ ಒದಗಿಸುವುದು ಪೈಲಟ್ ಜೆಟ್ ಎಂಬ ಪುಟ್ಟ ಹಿತ್ತಾಳೆ ನಳಿಕೆ. ಅದರ ರಂಧ್ರ ಅರ್ಧ ಮಿಲಿಮೀಟರಿಗಿಂತಲೂ ಕಿರಿದು. ನಿಂತ ಪೆಟ್ರೋಲಿನ ಹಗುರ ಅಂಶ ಆವಿಯಾಗಿ ಉಳಿಯುವ ಅಂಟು ಮೊದಲು ಮುಚ್ಚುವುದು ಅದನ್ನೇ. ಐಡ್ಲಿಂಗ್ ಸ್ಕ್ರೂವಾದರೋ ಗಾಳಿಯ ದಾರಿಯ ಬಾಗಿಲಾದ ಥ್ರಾಟಲನ್ನು ತುಸು ತೆರೆದಿಡುತ್ತದೆ, ಅಷ್ಟೇ. ಹಸಿದು ಅಳುವ ಮಗುವಿನ ಕೈಗೆ ಗಿಲಕಿ ಕೊಟ್ಟಂತೆ.

2020ರ ಏಪ್ರಿಲ್‌ನಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಬೈಕುಗಳು ಬಹುತೇಕ ಕಾರ್ಬುರೇಟರ್ ಬಿಟ್ಟು ಫ್ಯೂಯಲ್ ಇಂಜೆಕ್ಷನ್ನಿಗೆ ಹೋದವು. ಹೊಸ ಹುಡುಗರಿಗೆ ಜೆಟ್ ಬಿಚ್ಚಿ ಅಭ್ಯಾಸವಿಲ್ಲ, ಒಪ್ಪುತ್ತೇನೆ. ಹಾಗೆಂದು ಗೊತ್ತಿಲ್ಲದ್ದನ್ನೆಲ್ಲ ಬದಲಾಯಿಸಿ ಎನ್ನುವುದೇ?

ಜೆಟ್ ತೆಗೆದು, ಕ್ಲೀನರ್ ಹೊಡೆದು, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಬಿಡಿಸಿದೆ. ಬಿಸಿಲಿಗೆ ಹಿಡಿದಾಗ ಸಾಸಿವೆಗಿಂತ ಸಣ್ಣ ಬೆಳಕಿನ ಚುಕ್ಕೆ ಕಂಡಿತು. ಪಿನ್ನು ತೂರಿಸುವವರಿದ್ದಾರೆ, ಹಿತ್ತಾಳೆ ಮೆದು, ರಂಧ್ರ ಹಿಗ್ಗಿದರೆ ಆಗ ಜೆಟ್ಟು ನಿಜವಾಗಿಯೂ ‘ಹೋಗುತ್ತದೆ’. ಏರ್ ಫಿಲ್ಟರಿನ ಡಬ್ಬಿಯಲ್ಲಿ ಇಲಿಯೊಂದು ಗೂಡು ಕಟ್ಟಿತ್ತು, ಅದೂ ಹೊರಬಂತು.

ಎರಡನೇ ಕಿಕ್ಕಿಗೆ ಸ್ಟಾರ್ಟ್. ಎಂಜಿನ್ ಬಿಸಿಯಾದ ಮೇಲೆ, ಗ್ಯಾರೇಜಿನವರು ಏರಿಸಿದ್ದ ಸ್ಕ್ರೂವನ್ನು ಇಳಿಸಿ ಮೊದಲಿನ ಲಯಕ್ಕೆ ತಂದೆ. ಖರ್ಚಾದದ್ದು ಕ್ಲೀನರ್ ಡಬ್ಬಿ ಮತ್ತು ಬಟ್ಟಲಿನ ಒಂದು ರಬ್ಬರ್ ರಿಂಗಿಗೆ. ಹೊಸ ಕಾರ್ಬುರೇಟರಿಗೆಂದು ತೆಗೆದಿಟ್ಟ ಹಣದಲ್ಲಿ ಚಿಕ್ಕಪ್ಪ ಹಿಂದಿನ ಟೈರ್ ಹಾಕಿಸುತ್ತಾರಂತೆ.