ಇಟ್ಟುಕೊಂಡವರೇ ಎಣಿಸಿದರೆ

ಚುನಾವಣೆ ಘೋಷಣೆಯಾಯಿತೆಂದರೆ ಕಲಘಟಗಿ, ಹಾನಗಲ್ಲ, ಶಿಗ್ಗಾವಿ ಕಡೆಯ ಲೈಸೆನ್ಸ್‌ದಾರ ರೈತರಿಗೆ ಒಂದು ಹೆಚ್ಚಿನ ಕೆಲಸ ಹುಟ್ಟುತ್ತದೆ. ಬಂದೂಕನ್ನು ಚೀಲದಲ್ಲಿ ಸುತ್ತಿ ಠಾಣೆಗೆ ಒಯ್ದು ಇಟ್ಟು ಬರಬೇಕು. ಹಾವೇರಿ ಜಿಲ್ಲೆಗೆ 20 ತಿಂಗಳಲ್ಲಿ ಮೂರು ಸಲ ನೀತಿಸಂಹಿತೆ ಬಂತು: 2023ರ ಮಾರ್ಚ್ 29ಕ್ಕೆ ವಿಧಾನಸಭೆಗೆ, 2024ರ ಮಾರ್ಚ್ 16ಕ್ಕೆ ಲೋಕಸಭೆಗೆ, ಅದೇ ಅಕ್ಟೋಬರ್ 15ಕ್ಕೆ ಶಿಗ್ಗಾವಿ ಉಪಚುನಾವಣೆಗೆ. ಲೋಕಸಭೆಯದ್ದು ಘೋಷಣೆಯಿಂದ ಫಲಿತಾಂಶದವರೆಗೆ 80 ದಿನ. ಉಪಚುನಾವಣೆ ಬಂದದ್ದು ಗೋವಿನಜೋಳದ ತೆನೆ ಬಲಿತು ಕಟಾವಿಗೆ ನಿಂತಿರುವ ಕಾಲದಲ್ಲಿ. ಕಾಡುಹಂದಿಗೆ ನೀತಿಸಂಹಿತೆ ಗೊತ್ತಿಲ್ಲವಲ್ಲ.

ನಿಯಮ ಹೇಳುವುದು ಬೇರೆ. 2009ರ ಬಾಂಬೆ ಹೈಕೋರ್ಟ್ ತೀರ್ಪಿನ ನಂತರ ಚುನಾವಣಾ ಆಯೋಗದ ಸೂಚನೆ ಸ್ಪಷ್ಟವಾಗಿದೆ. ಪರಿಶೀಲನಾ ಸಮಿತಿ ಒಬ್ಬೊಬ್ಬ ಲೈಸೆನ್ಸ್‌ದಾರನ ಹಿನ್ನೆಲೆ ನೋಡಬೇಕು. ಜಾಮೀನಿನ ಮೇಲಿರುವವರು, ಕ್ರಿಮಿನಲ್ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಸಿಕ್ಕವರು, ಇಂಥವರನ್ನು ಗುರುತಿಸಿ ಹೆಸರಿಗೆ ನೋಟಿಸ್ ಕೊಡಬೇಕು. ನೋಟಿಸ್ ಮುಟ್ಟಿದ 7 ದಿನದೊಳಗೆ ಆತ ಒಪ್ಪಿಸಬೇಕು, ಅಧಿಕಾರಿ ರಸೀತಿ ಕೊಡಬೇಕು, ಫಲಿತಾಂಶದ ಒಂದು ವಾರದ ನಂತರ ಬಂದೂಕು ಮರಳಬೇಕು. ಇದರ ಬದಲು ಎಲ್ಲರೂ ತಂದಿಡಿ ಎಂಬ ಒಂದೇ ಆದೇಶ ಹೊರಟರೆ ಸಮಿತಿ ಇದ್ದೂ ಇಲ್ಲದಂತೆ. ಹುಬ್ಬಳ್ಳಿ-ಧಾರವಾಡ ನಗರದಲ್ಲಿ ಲೈಸೆನ್ಸಿನ ಅಧಿಕಾರ ಪೊಲೀಸ್ ಆಯುಕ್ತರದ್ದು, ಗದಗ ಮತ್ತು ಹಾವೇರಿಯಲ್ಲಿ ಜಿಲ್ಲಾಧಿಕಾರಿಗಳದ್ದು. ಹಾಗಾಗಿ ತಕರಾರಿನ ಅರ್ಜಿ ಯಾರ ಮೇಜಿಗೆ ಹೋಗಬೇಕೆಂಬುದೂ ಊರಿನಿಂದ ಊರಿಗೆ ಬದಲಾಗುತ್ತದೆ.

ರಸೀತಿಯ ಮಾತು ಸಣ್ಣದೆಂದು ತಿಳಿಯಬೇಡಿ. ಬಂದೂಕಿನ ನಂಬರು, ಒಂಟಿ ನಳಿಗೆಯೋ ಜೋಡಿ ನಳಿಗೆಯೋ, ಬೋರ್ (ನಳಿಗೆಯ ಒಳಅಳತೆ) ಎಷ್ಟು, ತಯಾರಕರ ಹೆಸರು, ಒಪ್ಪಿಸಿದ ತೋಟಾಗಳ ಎಣಿಕೆ, ಕುಂದೆ ಸೀಳಿದೆಯೇ, ನಳಿಗೆಯೊಳಗೆ ತುಕ್ಕು ಇದೆಯೇ, ತಾರೀಖು, ಠಾಣೆಯ ಮೊಹರು. ಇವೆಲ್ಲ ರಸೀತಿಯಲ್ಲಿ ಬರೆದಿರಬೇಕು. ‘ಒಂದು ಬಂದೂಕು ಸ್ವೀಕರಿಸಲಾಗಿದೆ’ ಎಂದಷ್ಟೇ ಬರೆದ ಚೀಟಿ ಚೀಟಿಯಲ್ಲ. ನಂಬರಿನ ಒಂದು ಅಂಕೆ ತಪ್ಪಿದರೂ ಮುಂದಿನ ನವೀಕರಣದಲ್ಲಿ ಲೈಸೆನ್ಸ್ ಪುಸ್ತಕಕ್ಕೂ ಕಂಪ್ಯೂಟರಿನ ದಾಖಲೆಗೂ ತಾಳೆಯಾಗುವುದಿಲ್ಲ. ಠಾಣೆಯ ಮಾಲು ಇಡುವ ಕೋಣೆಯಾದ ಮಾಲಖಾನೆಯಲ್ಲಿ ಎಣ್ಣೆ ಹಚ್ಚದೆ ಗೋಡೆಗೆ ಒರಗಿಸಿಟ್ಟ ನಳಿಗೆ ಒಂದೇ ಮಳೆಗಾಲದಲ್ಲಿ ಹಾಳಾಗುತ್ತದೆ, ತೋಟಾ ತೇವ ಹಿಡಿದು ಹಾರುವುದೇ ಇಲ್ಲ. ಕೊಟ್ಟಾಗ ಹೇಗಿತ್ತೆಂದು ಬರೆದಿರದಿದ್ದರೆ ಕೇಳುವುದಕ್ಕೆ ಆಧಾರವೇ ಇರುವುದಿಲ್ಲ. ಒಪ್ಪಿಸುವ ಮುಂಚೆ ಮೊಬೈಲಿನಲ್ಲಿ ನಂಬರು ಕಾಣುವಂತೆ ಒಂದು ಫೋಟೋ ತೆಗೆದಿಡುವುದು ಖರ್ಚಿಲ್ಲದ ಜಾಣತನ.

ನ್ಯೂಜಿಲೆಂಡಿನಲ್ಲಿ ಇದೇ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. 2019ರ ಮಾರ್ಚ್ 15ಕ್ಕೆ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಜನ ಹತರಾದರು. ಏಪ್ರಿಲ್‌ನಲ್ಲೇ ಸಂಸತ್ತು 119ಕ್ಕೆ 1 ಮತದಿಂದ ಬಹುತೇಕ ಅರೆಸ್ವಯಂಚಾಲಿತ ಬಂದೂಕುಗಳನ್ನು ನಿಷೇಧಿಸಿತು. ಒಪ್ಪಿಸಲು ಡಿಸೆಂಬರ್ 20ರವರೆಗೆ ಗಡುವು. ಅಲ್ಲಿಯವರೆಗೆ ತಂದುಕೊಟ್ಟವರ ಮೇಲೆ ಕೇಸಿಲ್ಲ, ಮೇಲಿಂದ ಪರಿಹಾರ: ಹೊಸದರಂತಿದ್ದರೆ ಮೂಲಬೆಲೆಯ ಶೇ 95, ಬಳಸಿದ್ದಾದರೆ ಶೇ 70, ಹದಗೆಟ್ಟಿದ್ದರೆ ಶೇ 25. ದರಪಟ್ಟಿ ಎಲ್ಲರಿಗೂ ಕಾಣುವಂತಿತ್ತು. ಕುದುರೆ ರೇಸಿನ ಮೈದಾನದಂಥ ಜಾಗಗಳಲ್ಲಿ ಕೌಂಟರು ಹಾಕಿ ಬಂದೂಕುಗಳನ್ನು ಪಡೆದು ಯಂತ್ರದಲ್ಲಿ ಅಪ್ಪಚ್ಚಿ ಮಾಡಿದರು. ಸುಮಾರು 56,000 ಬಂದೂಕು ಬಂದವು.

ನನಗೆ ಮುಖ್ಯವೆನಿಸಿದ್ದು ಆ ಸಂಖ್ಯೆಯಲ್ಲ, ಆಮೇಲೆ ನಡೆದದ್ದು. 2020ರ ಮೇ ತಿಂಗಳಲ್ಲಿ ಅಲ್ಲಿನ ಆಡಿಟರ್ ಜನರಲ್ ವರದಿ ಕೊಟ್ಟರು. ಪೊಲೀಸರು ಕೆಲಸವನ್ನು ಒಟ್ಟಾರೆ ಚೆನ್ನಾಗಿ ನಿಭಾಯಿಸಿದ್ದಾರೆ ಎಂದರು, ಆಡಳಿತ ವೆಚ್ಚ ಮೊದಲ ಅಂದಾಜು ಮೀರಿತು ಎಂದೂ ಬರೆದರು. ಜೊತೆಗೆ, ಜನರ ಕೈಯಲ್ಲಿ ಮೊದಲು ಎಷ್ಟಿದ್ದವೆಂಬ ಲೆಕ್ಕವೇ ಇಲ್ಲದಿರುವಾಗ ಯೋಜನೆ ಎಷ್ಟು ಫಲಿಸಿತೆಂದು ಹೇಳಲಾಗದು ಎಂದರು. ಅಂದಾಜು 56,000ದಿಂದ 1,73,000ದವರೆಗೆ ಹರಡಿತ್ತು. ಕೆಳಗಿನ ಅಂಕೆ ನಿಜವಾದರೆ ಎಲ್ಲವೂ ಬಂತು, ಮೇಲಿನದು ನಿಜವಾದರೆ ಮೂರರಲ್ಲಿ ಎರಡು ಬಾಕಿ. ಸರ್ಕಾರ ಬೆನ್ನು ತಟ್ಟಿಕೊಳ್ಳುತ್ತಿದ್ದಾಗಲೇ ಈ ಮಾತು ಬಂತು. ಬಂದೂಕುಗಳ ನೋಂದಣಿ ಪಟ್ಟಿ ಅಲ್ಲಿ ಶುರುವಾದದ್ದು 2023ರ ಜೂನ್‌ನಲ್ಲಿ. ಈ ಒಂದು ವಿಷಯದಲ್ಲಿ ಭಾರತವೇ ಮುಂದಿತ್ತು. 1959ರ ಆಯುಧ ಕಾಯ್ದೆಯಡಿ ನಮ್ಮ ಲೈಸೆನ್ಸ್ ಪುಸ್ತಕದಲ್ಲಿ ಬಂದೂಕಿನ ನಂಬರು ಸಮೇತ ಇರುತ್ತದೆ. ಎಣಿಸುವುದು ನಮಗೇ ಸುಲಭ, ಎಣಿಸಿ ಹೇಳುವವರು ಬೇಕು.

ಇದೇ ಆಯುಧ ಕಾಯ್ದೆಗೆ 2019ರ ಡಿಸೆಂಬರ್‌ನಲ್ಲಿ ಬಂದ ತಿದ್ದುಪಡಿ ನೋಡಿ. ಒಬ್ಬರಿಗೆ ಮೂರರ ಬದಲು ಎರಡೇ ಬಂದೂಕು, ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗೋ ಪರವಾನಗಿ ಇರುವ ವ್ಯಾಪಾರಿಗೋ ಒಪ್ಪಿಸಬೇಕು, ಆಮೇಲೆ 90 ದಿನದಲ್ಲಿ ಆ ಬಂದೂಕನ್ನು ಲೈಸೆನ್ಸಿನಿಂದ ತೆಗೆಯಬೇಕು. ಗದಗ ಜಿಲ್ಲೆಯಲ್ಲಿ ಹೀಗೆ ಬಂದವು ಎಷ್ಟು, ಈಗ ಎಲ್ಲಿವೆ, ಮಾರಾಟವಾದವೇ, ನಾಶವಾದವೇ? ಕೇಳದೆಯೇ ತಿಳಿಯುವಂತೆ ಇದು ಜಿಲ್ಲಾಡಳಿತದ ಫಲಕದ ಮೇಲೆ ಇರಬೇಕಾದ ಲೆಕ್ಕ.

ಅಜ್ಜ ತೀರಿಕೊಂಡ ಮನೆಯ ಬಂದೂಕಿನದು ಇನ್ನೊಂದು ಗೋಳು. ಲೈಸೆನ್ಸ್ ಅಜ್ಜನ ಹೆಸರಿನಲ್ಲಿತ್ತು, ಈಗ ಮನೆಯಲ್ಲಿ ಬಂದೂಕು ಇಟ್ಟುಕೊಳ್ಳುವುದು ಕಾನೂನುಬಾಹಿರ. ಕಾಯ್ದೆಯ 21ನೇ ಕಲಮಿನಂತೆ ತಡಮಾಡದೆ ಒಪ್ಪಿಸಿ ರಸೀತಿ ಪಡೆದು, ವಾರಸುದಾರನ ಅರ್ಜಿ ಹಾಕಬೇಕು. ಗಡುವು ದಾಟಿದರೆ ಅದು ಸರ್ಕಾರದ ಪಾಲಾಗಬಹುದು. ಐದಾರು ವರ್ಷ ಅಟ್ಟದ ಮೇಲೆ ಮರೆತವರು ಮಾತ್ರ ಈಗ ಒಯ್ದರೆ ಕೇಸ್ ಹಾಕುತ್ತಾರೇನೋ ಎಂದು ಅಂಜುತ್ತಾರೆ, ಆ ಅಂಜಿಕೆ ಸುಳ್ಳಲ್ಲ. ಇಂಥವರಿಗೆ ಕೇಸಿಲ್ಲದ ಮೂರು ತಿಂಗಳ ಗಡುವು ಕೊಟ್ಟರೆ ಅಟ್ಟ ಖಾಲಿಯಾದೀತು. ನಮ್ಮಲ್ಲಿ ಅಂಥ ಅವಕಾಶ ಬರುವುದು ಊರು ಹೊತ್ತಿ ಉರಿದ ಮೇಲೆ. ಮಣಿಪುರದಲ್ಲಿ ಶಸ್ತ್ರಾಗಾರಗಳು ಲೂಟಿಯಾದದ್ದು 2023ರಲ್ಲಿ, ಶಿಕ್ಷೆಯಿಲ್ಲದೆ ಒಪ್ಪಿಸಿ ಎಂದು ರಾಜ್ಯಪಾಲರು ಕರೆ ಕೊಟ್ಟದ್ದು 2025ರ ಫೆಬ್ರುವರಿ 20ಕ್ಕೆ. ನಮ್ಮಲ್ಲೇ 2025ರ ಜನವರಿಯಲ್ಲಿ ಆರು ನಕ್ಸಲರು ಬೆಂಗಳೂರಿಗೆ ಬಂದು ಮುಖ್ಯಮಂತ್ರಿಗಳ ಎದುರು ಶರಣಾದರು. ಅಂದು ಅವರ ಕೈಯಲ್ಲಿ ಶಸ್ತ್ರಗಳಿರಲಿಲ್ಲ. ಅವು ಆಮೇಲೆ ಚಿಕ್ಕಮಗಳೂರಿನ ಕಾಡಿನಲ್ಲಿ ಸಿಕ್ಕವು. ಯಾವ ಶಸ್ತ್ರ ಯಾರದ್ದು, ಎಲ್ಲಿ, ಯಾರ ಸಮ್ಮುಖದಲ್ಲಿ ಎಂಬುದನ್ನು ಮೊದಲೇ ಬರೆದು ಮುಗಿಸಿದ್ದರೆ ಬಾಯಿಗೊಂದು ಮಾತು ಹುಟ್ಟುತ್ತಿರಲಿಲ್ಲ.

ಬಂದೂಕಿನಂತೆ ಮನುಷ್ಯನನ್ನೂ ಸರ್ಕಾರ ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ. ಅಲ್ಲಿಯೂ ಪ್ರಶ್ನೆ ಒಂದೇ: ಒಳಗಿನ ಲೆಕ್ಕ ಹೊರಗಿನವರು ಯಾರಾದರೂ ನೋಡುತ್ತಾರೆಯೇ?

ನ್ಯೂಜಿಲೆಂಡಿನಲ್ಲಿ ಓಂಬುಡ್ಸ್‌ಮನ್, ಅಂದರೆ ಆಡಳಿತದ ಮೇಲಿನ ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿಯ ಕಚೇರಿ 1962ರಿಂದ ಇದೆ. ಅವರು ಮುನ್ಸೂಚನೆ ಕೊಡದೆ ಜೈಲಿಗೆ ಹೋಗಬಹುದು, ಕಂಡದ್ದನ್ನು ಪ್ರಕಟಿಸುತ್ತಾರೆ. 1911ರಲ್ಲಿ ಕಟ್ಟಿದ ವೈಕೇರಿಯಾ ಜೈಲಿನ ಬಿಗಿಭದ್ರತೆಯ ಹಳೆಯ ಭಾಗ ಬಳಕೆಗೆ ಯೋಗ್ಯವಲ್ಲವೆಂದು 2020ರ ಆಗಸ್ಟ್‌ನ ವರದಿ ಹೇಳಿತ್ತು. ಇಲಾಖೆ ನಿಧಾನಿಸಿತು. ಅದೇ ಡಿಸೆಂಬರ್ 29ಕ್ಕೆ 17 ಕೈದಿಗಳು ಕಂದು ಬಣ್ಣದ ಕುಡಿಯುವ ನೀರು, ಕೊಳಕು ಹಾಸಿಗೆ ಎಂದು ದಂಗೆ ಎದ್ದು ಛಾವಣಿ ಏರಿದರು. ಆರು ದಿನದಲ್ಲಿ ಕಟ್ಟಡ ಸುಟ್ಟು ಹೋಯಿತು. ಆ ದೇಶವನ್ನು ಸ್ವರ್ಗ ಎನ್ನುವವರಿಗೆ ಇನ್ನೊಂದು ಅಂಕೆ: ಜನಸಂಖ್ಯೆಯಲ್ಲಿ ಶೇ 17ರಷ್ಟಿರುವ ಮೂಲನಿವಾಸಿ ಮಾವೊರಿಗಳು ಜೈಲಿನಲ್ಲಿ ಅರ್ಧಕ್ಕಿಂತ ಹೆಚ್ಚು. ಆದರೂ ಬೂದಿಯಾದ ಮೇಲೆ ‘ನಮಗೆ ಗೊತ್ತೇ ಇರಲಿಲ್ಲ’ ಎನ್ನಲು ಯಾವ ಸಚಿವರಿಗೂ ದಾರಿಯಿರಲಿಲ್ಲ, ಬರೆದಿಟ್ಟ ವರದಿ ಇತ್ತು.

ನಮ್ಮಲ್ಲಿ ವರದಿಯ ಕೆಲಸವನ್ನು ಮೊಬೈಲ್ ವಿಡಿಯೊ ಮಾಡುತ್ತಿದೆ. 2017ರಲ್ಲಿ ಕಾರಾಗೃಹ ಇಲಾಖೆಯ ಡಿಐಜಿ ಡಿ. ರೂಪಾ ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನ ವಿಶೇಷ ಸೌಲಭ್ಯಗಳ ಬಗ್ಗೆ ಬರೆದರು, ವಿಚಾರಣೆ ನಡೆಯಿತು. 2024ರ ಆಗಸ್ಟ್‌ನಲ್ಲಿ ನಟನೊಬ್ಬ ಕುರ್ಚಿ ಹಾಕಿ ಕುಳಿತ ಫೋಟೋ, 2025ರ ನವೆಂಬರ್‌ನಲ್ಲಿ ಫೋನು ಹಿಡಿದ ಕೈದಿಗಳ ವಿಡಿಯೊ. ಪ್ರತಿ ಸಲ ಅಮಾನತು, ಸಮಿತಿ, ಕೈದಿಗಳ ಸ್ಥಳಾಂತರ. ದುಡ್ಡಿದ್ದವರ ಕುರ್ಚಿ ಸುದ್ದಿಯಾಗುತ್ತದೆ, ಬೈಕ್ ಕದ್ದ ಆರೋಪದ ಹುಡುಗ ಬ್ಯಾರಕಿನಲ್ಲಿ ಮಗ್ಗಲು ಬದಲಿಸಲು ಜಾಗವಿಲ್ಲದೆ ಮಲಗುವುದು ಸುದ್ದಿಯಾಗುವುದಿಲ್ಲ. ದೇಶದಲ್ಲಿ 2022ರ ಕೊನೆಗೆ 5,73,220 ಕೈದಿಗಳಿದ್ದರು, ನೂರು ಜನರ ಜಾಗದಲ್ಲಿ 131. ಅವರಲ್ಲಿ ಶೇ 75.8 ವಿಚಾರಣಾಧೀನರು.

ಆ ಹುಡುಗನಿಗೆ ಕಾನೂನು ಒಂದು ಬಾಗಿಲು ತೆರೆದಿದೆ. ಹಳೆಯ ಸಿಆರ್‌ಪಿಸಿಯ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು: ಮೊದಲ ಸಲದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ, ಉಳಿದವರು ಅರ್ಧಭಾಗ ಒಳಗೆ ಕಳೆದರೆ ಜಾಮೀನಿನ ಮೇಲೆ ಬಿಡುಗಡೆ. ಸಾದಾ ಕಳ್ಳತನಕ್ಕೆ ಗರಿಷ್ಠ 3 ವರ್ಷವಾದ್ದರಿಂದ ಮೊದಲ ಸಲದವನಿಗೆ ಒಂದೇ ವರ್ಷ. ಅರ್ಜಿ ಹಾಕಬೇಕಾದವನು ಅವನೂ ಅಲ್ಲ, ಜೈಲಿನ ಅಧೀಕ್ಷಕರು. ಹಳೆಯ ಪ್ರಕರಣಗಳಿಗೂ ಇದು ಅನ್ವಯವೆಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಹೇಳಿದೆ. ಎಲ್ಲಿ ಸಿಕ್ಕಿಕೊಳ್ಳುತ್ತದೆಂದರೆ, ಒಂದಕ್ಕಿಂತ ಹೆಚ್ಚು ಪ್ರಕರಣವಿದ್ದರೆ ಈ ಅವಕಾಶವಿಲ್ಲ. ಜೀವಾವಧಿ, ಮರಣದಂಡನೆಯ ಆರೋಪಗಳಿಗೂ ಇಲ್ಲ. ಪೊಲೀಸರು ಹಳೆಯ ಕೇಸೊಂದನ್ನು ಅಂಟಿಸಿದರೆ ಸಾಕು, ಬಾಗಿಲು ಮುಚ್ಚಿತು. ಜಾಮೀನು ಸಿಕ್ಕರೂ ಭದ್ರತೆ ಕೊಡುವವರಿಲ್ಲದೆ ಒಳಗೇ ಉಳಿದವರೂ ಇರುತ್ತಾರೆ. ಇವರೆಲ್ಲರ ಪಟ್ಟಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಪರಿಶೀಲನಾ ಸಮಿತಿಯ ಮುಂದೆ ಬರಬೇಕು.

ಜೈಲಿಗೆ ಭೇಟಿ ಕೊಟ್ಟು ಸ್ಥಿತಿಗತಿ ನೋಡಿ ಬರೆಯಬೇಕಾದ ಸಂದರ್ಶಕರ ಮಂಡಳಿಯೂ ಇದೆ. ಭೇಟಿಯ ದಿನ ಮೊದಲೇ ತಿಳಿದರೆ ಗೋಡೆಗೆ ಸುಣ್ಣ ಬೀಳುತ್ತದೆ, ಸಾರು ಗಟ್ಟಿಯಾಗುತ್ತದೆ. ಬರೆದ ಟಿಪ್ಪಣಿ ಅಧೀಕ್ಷಕರ ಕೋಣೆಯ ಪುಸ್ತಕದಲ್ಲೇ ಉಳಿಯುತ್ತದೆ. ಸಂಜೆ ಬೀಗ ಹಾಕುವ ಮುನ್ನ ತಲೆ ಎಣಿಸುವ ಹೊತ್ತಿಗೆ ಹೋದರೆ ಬ್ಯಾರಕಿಗೆ ಎಷ್ಟು ಜನ ಎಂಬುದು ಕಣ್ಣಿಗೇ ಕಾಣುತ್ತದೆ. ಕೇಂದ್ರದ ಮಾದರಿ ಕಾರಾಗೃಹ ಕೈಪಿಡಿಯಂತೆ ಒಬ್ಬ ಕೈದಿಗೆ ದಿನಕ್ಕೆ 135 ಲೀಟರ್ ನೀರು; ವಾರಕ್ಕೊಮ್ಮೆ ನಲ್ಲಿ ಬರುವ ಹುಬ್ಬಳ್ಳಿಯ ಓಣಿಯವರು ಇದನ್ನು ಓದಿ ನಕ್ಕಾರು, ಆದರೆ ಹೊರಗಿನವನು ಟ್ಯಾಂಕರ್ ತರಿಸಿಕೊಳ್ಳಬಲ್ಲ. ನಮ್ಮ ಲೋಕಾಯುಕ್ತ ಕಾಯ್ದೆ 1984ರದು, ಕಲ್ಪನೆ ಓಂಬುಡ್ಸ್‌ಮನ್‌ನದೇ. ಧಾರವಾಡ ಕೇಂದ್ರ ಕಾರಾಗೃಹ, ಹಾವೇರಿ ಮತ್ತು ಗದಗ ಜಿಲ್ಲಾ ಕಾರಾಗೃಹಗಳಿಗೆ ವರ್ಷಕ್ಕೆರಡು ಸಲ ತಿಳಿಸದೆ ಹೋಗಿ, ಮೂವತ್ತು ದಿನದಲ್ಲಿ ಕನ್ನಡದಲ್ಲಿ ವರದಿ ಪ್ರಕಟಿಸುವ ಹೊಣೆಯನ್ನು ಅವರಿಗೆ ವಹಿಸಬೇಕೆಂಬುದು ನನ್ನ ಬೇಡಿಕೆ.

ಅಲ್ಲಿಯವರೆಗೆ ಮಾಹಿತಿ ಹಕ್ಕಿನ ಅರ್ಜಿಯೇ ಗತಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಒಬ್ಬರ ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ, ಅದನ್ನು ಅರ್ಜಿಯ ಮೇಲ್ಗಡೆಯೇ ಬರೆಯಿರಿ. ಪೌರತ್ವ ಬಿಟ್ಟ ಹೊರನಾಡಿಗರಿಗೆ ಈ ಹಕ್ಕಿಲ್ಲ, ಊರಲ್ಲಿರುವವರೇ ಹಾಕಬೇಕು. ‘ಸೌಲಭ್ಯ ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂದು ಬರುತ್ತದೆ, ಆದ್ದರಿಂದ ದಾಖಲೆಯ ನಕಲು ಕೇಳಿ: ಕಳೆದ ವರ್ಷದ ಸಂದರ್ಶಕರ ಪುಸ್ತಕದ ಪುಟಗಳು, 479ರಡಿ ಅಧೀಕ್ಷಕರು ಹಾಕಿದ ಅರ್ಜಿಗಳ ಸಂಖ್ಯೆ. ಠಾಣೆಗೆ ಬೇರೆ ಅರ್ಜಿ: ಒಪ್ಪಿಸಿಕೊಂಡ ಬಂದೂಕು ಎಷ್ಟು, ಮರಳಿಸಿದ್ದು ಎಷ್ಟು. ಎರಡನ್ನೂ ಒಂದರಲ್ಲೇ ಬೆರೆಸಬೇಡಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಆ ನೆಪದ ಮೇಲೆ ಎರಡೂ ವಾಪಸ್ ಬರುತ್ತವೆ.