ಹಾಲು-ರೊಟ್ಟಿ ಹಾಕಿದರೆ ಬೆಕ್ಕು ಸಾಕಿದ ಹಾಗಲ್ಲ

ಹೋದ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಪಿಕಳಾರದ ಮರಿ ಬಿದ್ದಿತ್ತು. ಬಾಲ ಇನ್ನೂ ಮೋಟು. ಕತ್ತಿನ ಹತ್ತಿರ ಒಂದು ಸಣ್ಣ ತೂತು, ಅಷ್ಟೇ. ಪಕ್ಕದಲ್ಲೇ ನಮ್ಮ ಚಿನ್ನಿ ಮುಂಗಾಲು ನೆಕ್ಕುತ್ತಾ ಕೂತಿದ್ದಳು. ದಾಸವಾಳದ ಗಿಡದಲ್ಲಿ ಆ ಗೂಡು ಕಟ್ಟಿದಾಗಿನಿಂದ ದಿನಾ ನೋಡುತ್ತಿದ್ದೆ. ಹಕ್ಕಿ ಜೋಡಿ ತಂತಿ ಮೇಲೆ ಕೂತು ಮಧ್ಯಾಹ್ನದವರೆಗೂ ಕೂಗಿತು.

"ಬೆಕ್ಕಿನ ಜಾತೀನ ಹಂಗ, ಬಿಡವ್ವಾ" ಅಂದರು ಪಕ್ಕದ ಮನೆ ಅಜ್ಜಿ. ಬೆಕ್ಕಿನದೇನೂ ತಪ್ಪಿಲ್ಲ, ಒಪ್ಪುತ್ತೇನೆ. ಆದರೆ ರಾತ್ರಿ ಕಿಟಕಿ ತೆರೆದಿಟ್ಟವಳು ನಾನಲ್ವಾ?

ಮರಿಗಳು ಗೂಡಿನಿಂದ ಇಳಿದ ಮೊದಲ ಕೆಲವು ದಿನ ಸರಿಯಾಗಿ ಹಾರಲಾರವು. ಗಿಡದ ಬುಡದಲ್ಲೇ ಕುಪ್ಪಳಿಸುತ್ತಿರುತ್ತವೆ, ದೊಡ್ಡ ಹಕ್ಕಿಗಳು ಅಲ್ಲಿಗೇ ಬಂದು ತಿನ್ನಿಸುತ್ತವೆ. ಬೆಕ್ಕಿನ ಬಾಯಿಗೆ ಸಿಗುವುದು ಆಗಲೇ. ಹೊಟ್ಟೆ ತುಂಬಿದ ಬೆಕ್ಕೂ ಬೇಟೆ ಬಿಡುವುದಿಲ್ಲ. ಇಣಚಿ, ಓತಿಕ್ಯಾತ, ಸೂರಕ್ಕಿ, ಚಿಟ್ಟೆ, ಏನು ಅಲುಗಾಡಿದರೂ ಸರಿ.

ನಮ್ಮದು ಮಾಂಸ ತಿನ್ನದ ಮನೆ. ಧಾರವಾಡದಲ್ಲಿ ಇಂಥ ಮನೆಗಳು ಬಹಳ. ಚಿನ್ನಿಗೂ ಹಾಲು-ರೊಟ್ಟಿ, ಹಾಲು-ಅನ್ನವೇ. ಅದು ಅವಳಿಗೆ ಊಟವೇ ಅಲ್ಲ ಅಂತ ಡಾಕ್ಟರ್ ಹೇಳಿದಾಗ ನನಗೆ ನಾಚಿಕೆಯಾಯಿತು. ಬೆಕ್ಕಿಗೆ ಟಾರಿನ್ ಎಂಬ ಅಂಶ ಬೇಕೇ ಬೇಕು. ಅದು ಹಾಲು-ರೊಟ್ಟಿಯಲ್ಲಿ ಸಾಕಷ್ಟು ಸಿಗುವುದಿಲ್ಲ, ಮಾಂಸ-ಮೀನಿನಲ್ಲಿದೆ. ಇಲ್ಲದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಕೆಡುತ್ತದೆ. ಬೆಳೆದ ಎಷ್ಟೋ ಬೆಕ್ಕುಗಳಿಗೆ ಹಾಲು ಅರಗುವುದೂ ಇಲ್ಲ.

2021ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಪ್ರಕಟಿಸಿದರು. ಮಾಂಸದ ಪ್ರೋಟೀನ್ ಜಾಸ್ತಿ ಇರುವ ಆಹಾರ ತಿಂದ ಬೆಕ್ಕುಗಳು ಮನೆಗೆ ತರುವ ಬೇಟೆ 36% ಕಡಿಮೆಯಾಯಿತು. ದಿನಕ್ಕೆ 5ರಿಂದ 10 ನಿಮಿಷ ಆಡಿಸಿದ್ದಕ್ಕೇ 25% ಇಳಿಯಿತು. ಕೊರಳಿಗೆ ಗಂಟೆ ಕಟ್ಟಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಚಿನ್ನಿಗೆ ಗೆಜ್ಜೆ ಕಟ್ಟಿ ನಾನು ಎರಡು ವರ್ಷ ನೆಮ್ಮದಿಯಿಂದ ಇದ್ದೆ.

ಅಂಗಡಿಯ ಬೆಕ್ಕಿನ ಆಹಾರ ತರುತ್ತೇನೆ ಅಂದಾಗ ಅತ್ತೆಯವರು ಒಪ್ಪಲಿಲ್ಲ. ತಾಟು ಬೇರೆ, ಜಾಗ ಹಿತ್ತಲಿನ ಮೂಲೆ ಅಂತ ಆದ ಮೇಲೆ ಒಪ್ಪಿದರು. ಈಗ ಹೊತ್ತು ಮುಳುಗುವ ಮೊದಲು ಚಿನ್ನಿಯನ್ನು ಒಳಗೆ ಕರೆದುಕೊಳ್ಳುತ್ತೇವೆ. ಬೆಳಿಗ್ಗೆ ಬಿಸಿಲು ಚೆನ್ನಾಗಿ ಬಂದ ಮೇಲೇ ಹೊರಗೆ, ಗೂಡಿನಲ್ಲಿ ಮರಿ ಇದ್ದರೆ ಹಗಲೂ ಒಳಗೇ. ಕಿಟಕಿಗೆ ಜಾಳಿಗೆ ಹಾಕಿಸಿದ್ದೇವೆ. ಜೋಳದ ದಂಟಿಗೆ ದಾರ ಕಟ್ಟಿ ಆಡಿಸೋದು ಮಗನ ಕೆಲಸ. ಮೊದಲ ವಾರ ರಾತ್ರಿಯೆಲ್ಲಾ ಬಾಗಿಲು ಕೆರೆದು ಅತ್ತಳು, ನಮಗೂ ನಿದ್ದೆ ಇರಲಿಲ್ಲ. ಆಮೇಲೆ ಹೊಂದಿಕೊಂಡಳು.

ನನಗೆ ಇದಕ್ಕಿಂತ ಸಂಕಟವಾಗುವುದು ಬೆಕ್ಕಿನ ಮರಿಗಳ ವಿಷಯ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬ ಆಗಬಹುದು. ಎರಡು ತಿಂಗಳಿಗೆ ಮರಿ, ವರ್ಷಕ್ಕೆ ಎರಡು ಮೂರು ಸಲ. ಸಾಕಲಾಗದೆ ಚೀಲಕ್ಕೆ ತುಂಬಿ ಕೆರೆ ದಂಡೆಗೋ ಹೊಲದ ಬದುವಿಗೋ ಬಿಟ್ಟು ಬರುತ್ತೇವೆ. "ಕೊಲ್ಲಲಿಲ್ಲ, ಬಿಟ್ಟು ಬಂದೆವು" ಅಂತ ಸಮಾಧಾನ ಬೇರೆ! ಎಷ್ಟೋ ಮರಿಗಳು ನಾಯಿ ಪಾಲು, ಹಸಿವಿನ ಪಾಲು. ಬದುಕಿದವು ನೆಲದ ಮೇಲೆ ಮೊಟ್ಟೆಯಿಡುವ ಟಿಟ್ಟಿಭ, ನೆಲಗುಬ್ಬಿಗಳ ಗೂಡಿಗೆ ಹೋಗುತ್ತವೆ. ಹೊಲದ ಕಾಡುಬೆಕ್ಕಿಗೆ ಮನೆಬೆಕ್ಕಿನ ರೋಗವೂ ಅಂಟಬಹುದು. ಚಳಿಗಾಲ ಬಂದರೆ ಪಟ್ಟೆತಲೆಯ ಹೆಬ್ಬಾತು ನೋಡೋಕೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಗಾಡಿ ಮಾಡಿಕೊಂಡು ಹೋಗುವ ಜನ ನಾವು. ನಮ್ಮ ಬದುವಿನ ಹಕ್ಕಿ ಲೆಕ್ಕಕ್ಕಿಲ್ಲವಾ?

ಚಿನ್ನಿಗೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿದೆವು. ಬೆಳಿಗ್ಗೆ ಒಯ್ದು ಸಂಜೆ ಕರೆತಂದೆವು, ನಾಲ್ಕನೇ ದಿನಕ್ಕೆ ಕಪಾಟು ಹತ್ತಿ ಕೂತಿದ್ದಳು. ಗಂಡು ಬೆಕ್ಕಿಗೂ ಮಾಡಿಸಿ, ಅಲೆಯೋದು, ಜಗಳ ಎರಡೂ ಕಡಿಮೆ ಆಗುತ್ತವೆ.

ಬೆಕ್ಕು ಒಯ್ಯೋಕೆ ಬುಟ್ಟಿ ಇಲ್ಲ ಅಂತ ಸುಮ್ನೆ ಮುಂದೂಡುತ್ತಿರುವವರು ಇದ್ದೀರಾ? ನಮ್ಮ ಮನೆಯಲ್ಲಿ ಒಂದಿದೆ. ಧಾರವಾಡದಲ್ಲಿ ಇರುವವರು ಇನ್‌ಬಾಕ್ಸ್‌ನಲ್ಲಿ ಹೇಳಿ, ಒಯ್ದು ಕೆಲಸ ಮುಗಿದ ಮೇಲೆ ವಾಪಸ್ ಕೊಡಿ.