ಬರೋ ವರ್ಷದ ಬೂದಿ

ಮೈಸೂರಿನ ಸಂತ ಫಿಲೋಮಿನಾ ಚರ್ಚನ್ನು ಜರ್ಮನಿಯ ಕಲೋನ್ ಚರ್ಚಿನ ಮಾದರಿಯಲ್ಲಿ ಕಟ್ಟಿದ್ದು ಅಂತ ಚಿಕ್ಕಂದಿನಲ್ಲೇ ಕೇಳಿದ್ದೆ. 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ್ದು. ಗೋಪುರ 175 ಅಡಿ. ಅದಕ್ಕಿಂತ ಎತ್ತರದ್ದು ಲೋಕದಲ್ಲೇ ಇಲ್ಲ ಅಂದುಕೊಂಡಿದ್ದೆ. ಹೊಟ್ಟೆಪಾಡು ನನ್ನನ್ನು ಕಲೋನಿಗೇ ತಂದು ಹಾಕಿತು. ಇಲ್ಲಿಯ ಗೋಪುರ 157 ಮೀಟರ್. ಅದಕ್ಕೇನೋ ಬೇಗ ಒಗ್ಗಿಕೊಂಡೆ. ಒಗ್ಗಲು ವರ್ಷಗಟ್ಟಲೆ ಹಿಡಿದದ್ದು ಇಲ್ಲಿಯವರ ನಗುವಿಗೆ.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲಕ್ಕೆ ಮೊದಲು ಇಲ್ಲಿ ಕಾರ್ನಿವಲ್, ವೇಷ ಹಾಕಿ ಕುಣಿದು ಕುಡಿಯುವ ಹಬ್ಬ. ಆ ಭಾನುವಾರ ನಮ್ಮ ಬೀದಿಯ ಚರ್ಚಿಗೆ ಪೂಜೆಗೆ ಹೋದರೆ ಪಕ್ಕದಲ್ಲಿ ಕೂತಿದ್ದ ಅಜ್ಜ ಜೇನುಹುಳದ ವೇಷದಲ್ಲಿದ್ದರು. ಫಾದರ್ ಪ್ರಬೋಧನೆಯನ್ನು ಪೂರ್ತಿ ಪ್ರಾಸದಲ್ಲಿ ಹೇಳಿದರು. ಬಿಷಪ್ಪರನ್ನೂ ಬಿಡಲಿಲ್ಲ, ತಮ್ಮ ಹೊಟ್ಟೆಯನ್ನೂ ಬಿಡಲಿಲ್ಲ. ಜನ ಚಪ್ಪಾಳೆ ತಟ್ಟಿ ನಕ್ಕರು. ನಾನು ಮಾತ್ರ ಹಿಂದೆ ತಿರುಗಿ ನೋಡಿದೆ, ಯಾರಾದರೂ ಕಿವಿ ಹಿಂಡೋಕೆ ಬರುತ್ತಾರೇನೋ ಅಂತ.

ಮಂಡ್ಯದ ಹತ್ತಿರ ನಮ್ಮೂರಲ್ಲಿ ಹಾಗೇ ಆಗಿತ್ತು. ಗರಿಗಳ ಭಾನುವಾರ, ಯೇಸು ಜೆರುಸಲೇಮಿಗೆ ಬಂದಾಗ ಜನ ಗರಿ ಹಿಡಿದು ಎದುರುಗೊಂಡದ್ದನ್ನು ನೆನೆಯುವ ಹಬ್ಬ. ತೆಂಗಿನ ಗರಿ ಹಿಡಿದು ಮೆರವಣಿಗೆಯಲ್ಲಿ ಬಂದು, ಯೇಸು ಪಟ್ಟ ಪಾಡಿನ ಉದ್ದನೆಯ ವಾಚನಕ್ಕೆ ಎಲ್ಲರೂ ನಿಂತಿದ್ದೆವು. ಪಕ್ಕದ ಬಾಗಿಲಿಂದ ಒಂದು ಆಡು ಒಳಗೆ ಬಂತು. ಯಾವ ಗಡಿಬಿಡಿಯೂ ಇಲ್ಲ. ಮುಂದಿನ ಸಾಲಿನ ಹೆಂಗಸರು ಬೆನ್ನ ಹಿಂದೆ ಹಿಡಿದಿದ್ದ ಗರಿಗಳನ್ನು ಒಂದೊಂದಾಗಿ ಮೇಯುತ್ತಾ ಬಂತು. ಚರ್ಚಿನ ಕೆಲಸ ನೋಡಿಕೊಳ್ಳುತ್ತಿದ್ದ ಉಪದೇಶಿ ತಾತ ಪಿಸುದನಿಯಲ್ಲಿ ‘ಹುಶ್’ ಅಂದರು. ಆಡು ಅಗಿಯುವುದನ್ನು ನಿಲ್ಲಿಸದೆ ಅವರನ್ನೇ ನೋಡಿತು. ನಾವು ಹುಡುಗರಿಗೆ ತಡೆಯೋಕಾಗಲಿಲ್ಲ. ಆಡು ತಪ್ಪಿಸಿಕೊಂಡಿತು, ನನ್ನ ಕಿವಿ ಸಿಕ್ಕಿತು.

ಈಗ ಅನಿಸುತ್ತದೆ, ಆವತ್ತಿನ ಹಬ್ಬದಲ್ಲೇ ನಗು ಇತ್ತಲ್ವಾ? ಯೇಸು ರಾಜನಾಗಿ ಊರೊಳಗೆ ಬರುತ್ತಾನೆ, ಕುದುರೆ ಮೇಲಲ್ಲ, ಕತ್ತೆ ಮೇಲೆ. ತಪ್ಪು ಮಾಡಿದವನನ್ನು ಕತ್ತೆ ಮೇಲೆ ಕೂರಿಸಿ ಮೆರೆಸಿದ ಕಥೆ ಕೇಳಿ ಬೆಳೆದ ನಮಗೆ ಇದು ಜಾಸ್ತಿ ಅರ್ಥವಾಗಬೇಕಿತ್ತು. ಸೊಳ್ಳೆಯನ್ನು ಸೋಸಿ ಒಂಟೆಯನ್ನು ನುಂಗುವವರು ಅಂತ ಯೇಸು ಹೇಳಿದಾಗ ಕೇಳಿದವರು ಕೈಮುಗಿದು ನಿಂತಿದ್ದರು ಅಂತ ನಾನಂತೂ ನಂಬಲಾರೆ. ಯೇಸು ಅತ್ತದ್ದನ್ನು ಬೈಬಲ್ ಹೇಳುತ್ತದೆ, ನಕ್ಕದ್ದನ್ನು ಹೇಳುವುದಿಲ್ಲ, ಸರಿ. ಆದರೆ ಅದೇ ಬೈಬಲಿನಲ್ಲಿ ಮುದುಕಿ ಸಾರಳಿಗೆ ಮಗು ಆಗುತ್ತದೆ ಅಂದಾಗ ಅವಳು ನಕ್ಕಳು. ಹುಟ್ಟಿದ ಮಗುವಿಗೆ ಇಟ್ಟ ಹೆಸರು ಇಸಾಕ. ಅಂದರೆ ‘ನಗುತ್ತಾನೆ’ ಅಂತ. 2024ರ ಜೂನಿನಲ್ಲಿ ಪೋಪ್ ಫ್ರಾನ್ಸಿಸ್ ನೂರಕ್ಕೂ ಹೆಚ್ಚು ಹಾಸ್ಯಗಾರರನ್ನು ವ್ಯಾಟಿಕನ್ನಿಗೆ ಕರೆಸಿ, ಪ್ರೀತಿಸುವವರ ಜೊತೆ ತಮಾಷೆ ಮಾಡುವ ಹಾಗೆ ದೇವರ ಜೊತೆಗೂ ನಗಬಹುದು ಅಂದರು. ನಮ್ಮ ಉಪದೇಶಿ ತಾತ ಇದ್ದಿದ್ದರೆ ಏನನ್ನುತ್ತಿದ್ದರೋ.

ಹಾಗಂತ ಕಲೋನಿನವರದೇ ಸರಿ ಅನ್ನಲಾರೆ. ಇಲ್ಲಿ ನಗುವಿಗೂ ಕ್ಯಾಲೆಂಡರ್. ಕಾರ್ನಿವಲ್ಲಿನ ಕೊನೆಯ ಮಂಗಳವಾರ ರಾತ್ರಿ ಹೋಟೆಲುಗಳ ಮುಂದೆ ನುಬ್ಬೆಲ್ ಅನ್ನುವ ಹುಲ್ಲಿನ ಬೊಂಬೆ ಸುಡುತ್ತಾರೆ. ‘ಕುಡಿದು ದುಡ್ಡು ಕಳೆದಿದ್ದು ಯಾರ ತಪ್ಪು?’ ಅಂತ ಒಬ್ಬ ಕೂಗಿದರೆ ‘ನುಬ್ಬೆಲ್‌ದು!’ ಅಂತ ಎಲ್ಲರೂ. ಬೆಳಿಗ್ಗೆ ಎದ್ದರೆ ಹಣೆಗೆ ಬೂದಿ ಹಚ್ಚಿಕೊಂಡು ತಪಸ್ಸುಕಾಲ ಶುರು ಮಾಡುವ ಬೂದಿ ಬುಧವಾರ, ಜೇನುಹುಳದ ಅಜ್ಜ ಬೂದು ಕೋಟಿನಲ್ಲಿ. ಅದೇ ವರ್ಷ ನಮ್ಮ ಮಹಡಿಯವರೊಬ್ಬರು ತೀರಿಕೊಂಡರು. ಮಣ್ಣು ಮಾಡಿ ಬಂದು ಎಲ್ಲರೂ ಮೆಲ್ಲಗೆ ಮಾತಾಡಿ, ಕೇಕ್ ತಿಂದು, ಗಂಟೆಯೊಳಗೆ ಎದ್ದರು.

ನಮ್ಮೂರಲ್ಲಿ ಸಾವಿನ ಮನೆಯಲ್ಲಿ ಜಪಸರ ಮುಗಿದು ಕಾಫಿ ಲೋಟ ಕೈಗೆ ಬಂದರೆ ಸತ್ತವರ ಜಿಪುಣತನದ ಕಥೆ ಶುರು. ಮಾವ ತೀರಿಕೊಂಡಾಗ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಮೈ ಕುಲುಕುತ್ತಿದ್ದರು. ಅಳುತ್ತಿದ್ದಾರೆ ಅಂತ ಹತ್ತಿರ ಹೋದರೆ, ನಗುತ್ತಿದ್ದರು. ಆಮೇಲೆ ಅತ್ತರು ಕೂಡ. ಅಂಥ ನಗುವನ್ನು ನಾನು ಕಲೋನಿನಲ್ಲಿ ಕಂಡಿಲ್ಲ. ನಮ್ಮಲ್ಲಿ ಅದಕ್ಕೆ ಬರ ಇಲ್ಲ, ಆದರೆ ಚರ್ಚಿನೊಳಗೆ ಬಿಡುವುದಿಲ್ಲ ಅಷ್ಟೇ. ನನ್ನ ತಕರಾರು ಅದೊಂದೇ.

ಆಡು ಬಂದ ದಿನ ಪೂಜೆ ಮುಗಿದ ಮೇಲೆ ಉಪದೇಶಿ ತಾತ ಇನ್ನೂ ಉರಿಯುತ್ತಿದ್ದರು. ಆ ಗರಿಗಳನ್ನೇ ಒಣಗಿಸಿ, ಸುಟ್ಟು, ಮುಂದಿನ ಬೂದಿ ಬುಧವಾರಕ್ಕೆ ಬೂದಿ ಮಾಡುವುದು ಅವರ ಕೆಲಸ.

‘ಓಗ್ಲಿ ಬುಡಪ್ಪ’ ಅಂದಳು ನನ್ನಜ್ಜಿ. ‘ಬರೋ ವರ್ಸದ ಬೂದಿಯ ಅದು ಈಗ್ಲೇ ತಿನ್ಕತು.’

ತಾತ ಬಗ್ಗಿ ಮಂಡಿ ಹಿಡಿದುಕೊಂಡು ನಕ್ಕರು. ಗೇಟು ದಾಟಿದ್ದೆವು.